ಯಾರಿಗೂ ಏನೂ ಆಗಲಿಲ್ಲ

ಬಿರುಗಾಳಿ ನಿಂತ ಮೇಲೆ ಜನ ಆಡುವ ಮೊದಲ ಮಾತು ಯಾವುದೆಂಬುದನ್ನು ಓದುಗರು ಗಮನಿಸಿರಬಹುದು. ಬಾಗಿಲ ಅಗುಳಿ ತೆಗೆದು, ಹೊಸಿಲ ಮೇಲೆ ನಿಂತು, ತಲೆಯೆತ್ತಿ ಸೂರನ್ನೊಮ್ಮೆ, ತಲೆ ತಗ್ಗಿಸಿ ಅಂಗಳವನ್ನೊಮ್ಮೆ ನೋಡಿ, "ಸದ್ಯ, ದೇವರ ದಯೆ. ನಮ್ಮ ಮನೆಗೇನೂ ಆಗಲಿಲ್ಲ" ಎನ್ನುತ್ತಾರೆ. ಎದುರು ಮನೆಯ ಕಡೆಗೆ ಕಣ್ಣು ಹೊರಳುವುದು ಆಮೇಲೆ. ಇದನ್ನು ಸ್ವಾರ್ಥವೆಂದು ಹೀಗಳೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಕಿಟಕಿಯ ಬಾಗಿಲನ್ನು ಹತ್ತು ನಿಮಿಷ ಎರಡು ಕೈಗಳಿಂದಲೂ ಒತ್ತಿ ಹಿಡಿದು ನಿಂತವನು, ಗಾಳಿ ತಗ್ಗಿತೆಂದು ಗೊತ್ತಾದಾಗ ಬಿಡುವ ಉಸಿರಿನ ಜೊತೆಯಲ್ಲೇ ಹೊರಡುವ ಮಾತು ಅದು. ದೇವರಿಲ್ಲವೆಂದು ಇಪ್ಪತ್ತು ವರ್ಷ ವಾದಿಸಿದವರ ಬಾಯಲ್ಲಿಯೂ ಅದು ಬಂದದ್ದನ್ನು ನಾನು ಕೇಳಿದ್ದೇನೆ. ಉಸಿರಿಗೆ ತರ್ಕ ಕೇಳಬಾರದು.

ಆದರೆ ಹೊಸಿಲೊಳಗೆ ಉಸಿರಾಗಿದ್ದ ಮಾತು ಬೀದಿ ದಾಟಿದರೆ ಸಿದ್ಧಾಂತವಾಗಿಬಿಡುತ್ತದೆ. ಎದುರು ಮನೆಯ ಮೇಲೆ ಮರ ಬಿದ್ದಿದೆ. ನಮ್ಮ ಮನೆ ಉಳಿದದ್ದು ದೇವರ ದಯೆಯಾದರೆ, ಆ ದಯೆ ಬೀದಿಯ ಈ ಮಗ್ಗುಲಿಗೆ ಬಂದು ಆ ಮಗ್ಗುಲಿಗೆ ಏಕೆ ಹೋಗಲಿಲ್ಲ? ಕೇಳುವವರು ಯಾರೂ ಇಲ್ಲ. ಮರ ಬಿದ್ದವರಿಗೆ ಆ ಹೊತ್ತಿನಲ್ಲಿ ಕೇಳುವ ತ್ರಾಣವಿರುವುದಿಲ್ಲ. ಉಳಿದವರಿಗೆ ಕೇಳುವ ಅಗತ್ಯ ಕಾಣುವುದಿಲ್ಲ. ಅದಕ್ಕೇ ಇರಬೇಕು, ಇಷ್ಟು ಹಳೆಯ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಹೊಸದಾಗಿಯೇ ಇರುತ್ತದೆ. ಉಳಿದುಕೊಂಡವನು ತಾನು ಉಳಿದದ್ದನ್ನು ಏನೆಂದು ತಿಳಿಯಬೇಕು?

ಮೊದಲು ಗಾಳಿಯ ಮಾತು. ಬೆಂಗಳೂರಿನಲ್ಲಿ ಭರಣಿ ಕೃತ್ತಿಕೆಗಳ ಕಾಲಕ್ಕೆ, ಎಂದರೆ ಏಪ್ರಿಲ್ ಕೊನೆಯಿಂದ ಮೇ ತಿಂಗಳ ನಾಲ್ಕನೆಯ ವಾರದವರೆಗೆ, ಏಳುವ ಗಾಳಿ ಕಡಲ ತೀರದ ಚಂಡಮಾರುತದ ಜಾತಿಯದಲ್ಲ. ಚಂಡಮಾರುತಕ್ಕೆ ಈಗ ಹೆಸರುಂಟು, ದಿನಗಟ್ಟಲೆ ಮುಂಚಿತವಾಗಿ ಬರುವ ಸೂಚನೆಯುಂಟು. ಇದಕ್ಕೆ ಹೆಸರಿಲ್ಲ. ಮಧ್ಯಾಹ್ನದ ಧಗೆಯಲ್ಲಿ ಮೇಲೇರಿದ ಗಾಳಿ ಕಾರ್ಮುಗಿಲಾಗಿ ಹತ್ತಾರು ಸಾವಿರ ಅಡಿ ಬೆಳೆದು ನಿಲ್ಲುತ್ತದೆ. ಸಂಜೆಯ ವೇಳೆಗೆ ಅದರೊಳಗಿನ ಮಳೆಯೂ ಆಲಿಕಲ್ಲೂ ಬೀಳತೊಡಗಿದಾಗ ಸುತ್ತಲಿನ ಗಾಳಿ ತಣ್ಣಗಾಗಿ, ಭಾರವಾಗಿ, ಕೊಡ ಕವುಚಿದಂತೆ ನೆಲಕ್ಕೆ ಬೀಳುತ್ತದೆ. ನೆಲ ಮುಟ್ಟಿದ ಮೇಲೆ ಅದಕ್ಕೆ ಇನ್ನು ಕೆಳಗೆ ದಾರಿಯಿಲ್ಲ. ನಡುಮನೆಯಲ್ಲಿ ಚೆಲ್ಲಿದ ನೀರಿನಂತೆ ಸುತ್ತಲೂ ಹರಡುತ್ತದೆ. ಒಂದು ಬಡಾವಣೆಯಲ್ಲಿ ಮರಗಳು ಉರುಳುತ್ತಿದ್ದಾಗ ಎರಡು ಕಿಲೋಮೀಟರ್ ಆಚೆ ಹಗ್ಗದ ಮೇಲಿನ ಸೀರೆ ಸುಮ್ಮನೆ ತೂಗುತ್ತಿರಬಹುದು. ಇನ್ನೊಂದು ವಿಷಯ: ಗಾಳಿಯ ವೇಗ ಎರಡರಷ್ಟಾದರೆ ಅದು ನೂಕುವ ಬಲ ನಾಲ್ಕರಷ್ಟಾಗುತ್ತದೆ. ದಿನವೂ ಬೀಸುವ ಗಾಳಿಯನ್ನು ಐವತ್ತು ವರ್ಷ ತಡೆದುಕೊಂಡ ಮರ ಒಂದು ಸಂಜೆ ಹತ್ತು ನಿಮಿಷದಲ್ಲಿ ಬುಡಮೇಲಾಗುವುದರಲ್ಲಿ ಪವಾಡವೇನೂ ಇಲ್ಲ.

ನಮ್ಮ ಬೀದಿಯ ತುದಿಯಲ್ಲಿ ಒಂದು ಗುಲ್‌ಮೊಹರ್ ಮರವಿತ್ತು. ಹುಡುಗರು ಅದನ್ನು ಕತ್ತಿಕಾಯಿ ಮರ ಎನ್ನುತ್ತಾರೆ. ಅದರ ಕೆಳಗೆ ಇಸ್ತ್ರಿಯವನ ತಳ್ಳುಗಾಡಿ. ಮೇಲೆ ತಗಡಿನ ಒಂದು ಮಾಡು, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಗಾಡಿಯ ಕೆಳಗೆ ಇದ್ದಿಲಿನ ಚೀಲ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಸಂಜೆ ಆ ಮರ ಗಾಡಿಯ ಮೇಲೆ ಬಿತ್ತು. ಗಾಳಿ ನಿಂತ ಮೇಲೆ ಬೀದಿಯವರೆಲ್ಲ ಅಲ್ಲಿ ಸೇರಿದೆವು. ಗಾಡಿಯ ಚಕ್ರ ಒಂದು ಕಡೆ, ಹಲಗೆ ಒಂದು ಕಡೆ. ತಗಡು ಕಾಗದದಂತೆ ಮಡಿಸಿಹೋಗಿತ್ತು. ಕೆಂಪು ಹೂ ಎಲ್ಲೆಲ್ಲೂ ಚೆಲ್ಲಿತ್ತು. ಮೊದಲು ಬಂದ ಇಬ್ಬರು ಮೂವರು ಕೇಳಿದ್ದು ತಮ್ಮ ಬಟ್ಟೆಯ ಸಂಗತಿಯನ್ನು. ಅದಕ್ಕೂ ನಾನು ಅವರನ್ನು ದೂರುವುದಿಲ್ಲ. ಒಬ್ಬರ ಮನೆಯಲ್ಲಿ ಮಾರನೆಯ ದಿನ ಮದುವೆ ಇತ್ತು. ಆಮೇಲೆ ಮೂಲೆಮನೆಯ ಹಿರಿಯ ಹೆಂಗಸು, ಮನಸ್ಸು ಬಹಳ ಒಳ್ಳೆಯದು, ಅವನ ಮುಂದೆಯೇ ನಿಂತು, "ಸದ್ಯ ಕಣಪ್ಪಾ, ದೇವರು ದೊಡ್ಡವನು. ಯಾರಿಗೂ ಏನೂ ಆಗಲಿಲ್ಲ" ಎಂದರು.

"ಹೌದಮ್ಮಾ" ಎಂದನು ಆತ. "ಬಟ್ಟೆ ಗಂಟು ಮೊದಲೇ ಎದುರು ಮನೆ ಮೆಟ್ಟಿಲ ಕೆಳಗೆ ಇಟ್ಟಿದ್ದೆ."

ಎಂದರೆ, ಧೂಳು ಎದ್ದಾಗ ಅವನಿಗೆ ಸಿಕ್ಕಿದ ಒಂದೆರಡು ನಿಮಿಷದಲ್ಲಿ ಅವನು ಎತ್ತಿದ್ದು ನಮ್ಮ ಬಟ್ಟೆಗಳನ್ನು. ಗಾಡಿಯನ್ನು ತಳ್ಳಿಕೊಂಡು ಹೋಗಬಹುದಾಗಿತ್ತಲ್ಲ ಎಂದು ಒಬ್ಬರು ಬುದ್ಧಿ ಹೇಳಿದರು. ಗಾಡಿಯ ಚಕ್ರಗಳಿಗೆ ಕಲ್ಲು ಕೊಟ್ಟು ವರ್ಷಗಳಾಗಿದ್ದವು. ಅದು ಅಲ್ಲಿಂದ ಅಲುಗಿದ್ದನ್ನು ಯಾರೂ ಕಂಡಿರಲಿಲ್ಲ.

ಆ 'ಯಾರಿಗೂ' ಎಂಬ ಪದ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ವ್ಯಾಕರಣದ ಪ್ರಕಾರ ಅದರೊಳಗೆ ಲೋಕದ ಎಲ್ಲರೂ ಇರಬೇಕು. ಬಳಕೆಯಲ್ಲಿ ಅದರ ಅಳತೆ ಸಣ್ಣದು. ಆ ತಾಯಿ ಹೇಳಿದ್ದು ಪ್ರಾಣದ ಮಾತು, ಯಾರೂ ಸಾಯಲಿಲ್ಲ ಎಂದು; ಅದು ನಿಜವೂ ಹೌದು. ಅದೇ ಸಂಜೆ ಅವನಿಗೆ ಕಾಫಿ ಕಳಿಸಿದವರೂ ಅವರೇ. ಆದರೂ, ಅದೇ ಮರ ಅವರ ಮನೆಯ ಮುಂದಿನ ಕಾರಿನ ಮೇಲೆ ಬಿದ್ದಿದ್ದರೆ "ಯಾರಿಗೂ ಏನೂ ಆಗಲಿಲ್ಲ" ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕಾರಿಗೆ ವಿಮೆ ಇರುತ್ತದೆ, ಗಾಡಿಗೆ ಇರುವುದಿಲ್ಲ. ಆದರೂ ಕಾರು ಜಖಂ ಆದರೆ 'ಏನೋ' ಆದಂತೆ, ಗಾಡಿ ಪುಡಿಯಾದರೆ 'ಏನೂ' ಆಗದಂತೆ. ಈ ಲೆಕ್ಕವನ್ನು ಗಾಳಿ ಮಾಡಲಿಲ್ಲ.

ಉಳಿದದ್ದಕ್ಕೆ ನಾವು ಕೊಟ್ಟುಕೊಳ್ಳುವ ಕಾರಣಗಳು ಹೆಚ್ಚೇನೂ ಇಲ್ಲ. ಒಂದು, ಪುಣ್ಯ. "ಹಿಂದಿನವರು ಮಾಡಿದ ಪುಣ್ಯ" ಎಂದು ಹೇಳಿದಾಗ ಅದು ವಿನಯದಂತೆ ಕೇಳಿಸುತ್ತದೆ. ಆದರೆ ಪುಣ್ಯದಿಂದ ಮನೆ ಉಳಿಯುವುದಾದರೆ ಪಾಪದಿಂದ ಮನೆ ಬೀಳಬೇಕು. ಮಾಡಿದ್ದುಣ್ಣೋ ಮಹಾರಾಯ ಎಂಬುದು ಅದೇ ನಾಣ್ಯದ ಮತ್ತೊಂದು ಮುಖ. ಗಾಡಿ ಕಳೆದುಕೊಂಡವನಿಗೆ ಇದರಿಂದ ಎರಡು ಪೆಟ್ಟು. ಮರದ ಪೆಟ್ಟು ಒಂದು, ನಮ್ಮ ತತ್ತ್ವದ ಪೆಟ್ಟು ಇನ್ನೊಂದು. ಕರ್ಮಸಿದ್ಧಾಂತವನ್ನು ನಾನು ಇಲ್ಲಿ ಅಲ್ಲಗಳೆಯಲು ಹೊರಟಿಲ್ಲ. ತನ್ನ ಕಷ್ಟಕ್ಕೆ ತಾನೇ ಅದನ್ನು ಹೇಳಿಕೊಂಡು ಸಮಾಧಾನ ತಂದುಕೊಂಡ ಎಷ್ಟೋ ಜನರನ್ನು ನೋಡಿದ್ದೇನೆ. ಆ ಸಮಾಧಾನ ಹುಸಿಯಲ್ಲ. ಅದನ್ನು ಮತ್ತೊಬ್ಬನ ಕಷ್ಟಕ್ಕೆ ಹಚ್ಚಲು ನಮಗೆ ಅಧಿಕಾರವಿಲ್ಲ ಎಂದಷ್ಟೇ ನನ್ನ ವಾದ.

ಉಳಿದದ್ದು ತನ್ನ ಬಲದಿಂದ ಎಂದು ತಿಳಿದವನ ಕಥೆ ಮಹಾಭಾರತದ ಶಾಂತಿಪರ್ವದಲ್ಲಿದೆ. ಭೀಷ್ಮ ಧರ್ಮರಾಯನಿಗೆ ಹೇಳುವ ಕಥೆ. ಹಿಮವಂತದಲ್ಲಿ ಒಂದು ಮಹಾ ಶಾಲ್ಮಲಿ ವೃಕ್ಷ, ನಮ್ಮ ಬೂರುಗದ ಮರ. ಅದರ ಒಂದು ಕೊಂಬೆಯೂ ಮುರಿದಿಲ್ಲ. ನಾರದ ಅಲ್ಲಿಗೆ ಬಂದವನು, "ಇಷ್ಟು ಮರಗಳನ್ನು ಕೆಡಹುವ ವಾಯು ನಿನ್ನನ್ನು ಮುಟ್ಟಿಲ್ಲವಲ್ಲ, ಅವನು ನಿನ್ನ ಗೆಳೆಯನೋ?" ಎಂದು ಕೇಳುತ್ತಾನೆ. ಮರ ಉಬ್ಬಿ, ಗೆಳೆಯನೂ ಅಲ್ಲ ಏನೂ ಅಲ್ಲ, ನನ್ನ ಬಲದ ಮುಂದೆ ಅವನದು ಕಾಲು ಪಾಲೂ ಇಲ್ಲ ಎಂಬರ್ಥದ ಮಾತಾಡುತ್ತದೆ. ನಾರದ ಸುಮ್ಮನಿರುವವನೆ? ಮಾತು ವಾಯುವಿಗೆ ಮುಟ್ಟುತ್ತದೆ. ವಾಯು ಬಂದು, ಸೃಷ್ಟಿಕಾಲದಲ್ಲಿ ಬ್ರಹ್ಮ ನಿನ್ನ ನೆರಳಲ್ಲಿ ದಣಿವಾರಿಸಿಕೊಂಡನೆಂದು ನಿನ್ನನ್ನು ಬಿಟ್ಟಿದ್ದೆ, ನಾಳೆ ನನ್ನ ಬಲ ನೋಡು ಎನ್ನುತ್ತಾನೆ. ಆ ರಾತ್ರಿ ಮರಕ್ಕೆ ನಿದ್ದೆಯಿಲ್ಲ. ಬೆಳಗಾಗುವುದರೊಳಗೆ ತಾನೇ ತನ್ನ ಕೊಂಬೆ, ಎಲೆ, ಹೂಗಳನ್ನೆಲ್ಲ ಉದುರಿಸಿಕೊಂಡು ಬೋಳಾಗಿ ನಿಲ್ಲುತ್ತದೆ. ವಾಯು ಬಂದು ನೋಡಿ ನಗುತ್ತಾನೆ: ನಾನು ಮಾಡಬೇಕೆಂದಿದ್ದುದನ್ನು ನೀನೇ ಮಾಡಿಕೊಂಡೆ.

ಬಲವಂತನೊಡನೆ ವೈರ ಬೇಡ ಎಂಬ ನೀತಿಗಾಗಿ ಈ ಕಥೆ ಅಲ್ಲಿ ಬಂದಿದೆ. ನನಗೆ ಅದರಲ್ಲಿ ಹಿಡಿಸುವುದು ಬೇರೆ. ಉಳಿದದ್ದಕ್ಕೆ ಮರ ಕೊಟ್ಟ ಕಾರಣ ಬಲ. ವಾಯು ಕೊಟ್ಟ ಕಾರಣ ದಯೆ. ಸುತ್ತಲೂ ಮುರಿದುಬಿದ್ದಿದ್ದ ಬೇರೆ ಮರಗಳಿಗೆ ಇವೆರಡರಲ್ಲಿ ಯಾವುದನ್ನು ಕೇಳಿ ಸಮಾಧಾನವಾಗಬೇಕು? ಅವುಗಳ ನೆರಳಲ್ಲಿ ಯಾವ ಬ್ರಹ್ಮನೂ ಕೂತಿರಲಿಲ್ಲ. ಕಥೆ ಅವುಗಳನ್ನು ಮಾತಾಡಿಸುವುದೇ ಇಲ್ಲ.

ಈ ಪ್ರಶ್ನೆ ಒಂದು ದೇಶಕ್ಕೆ ದೇಶವನ್ನೇ ಕಾಡಿದ್ದು 1703ರಲ್ಲಿ, ಇಂಗ್ಲೆಂಡಿನಲ್ಲಿ. ಆಗ ಅಲ್ಲಿದ್ದ ಹಳೆಯ ಪಂಚಾಂಗದ ಪ್ರಕಾರ ನವೆಂಬರ್ 26ರ ರಾತ್ರಿ ಎದ್ದ ಗಾಳಿ ಮರುದಿನ ಬೆಳಗಿನವರೆಗೆ ದಕ್ಷಿಣ ಇಂಗ್ಲೆಂಡನ್ನೆಲ್ಲ ಉಜ್ಜಿಹಾಕಿತು. ಸಾವಿರಾರು ನಾವಿಕರು ಮುಳುಗಿದರು. ಆ ತಿಂಗಳಷ್ಟೇ ಸೆರೆಮನೆಯಿಂದ ಬಿಡುಗಡೆಯಾಗಿದ್ದ ಡೇನಿಯಲ್ ಡೀಫೋ, ಮುಂದೆ ರಾಬಿನ್ಸನ್ ಕ್ರೂಸೋ ಬರೆದವನು, ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ನಿಮ್ಮ ನಿಮ್ಮ ಊರಲ್ಲಿ ಕಂಡದ್ದನ್ನು ಬರೆದು ಕಳಿಸಿ ಎಂದು ಜನರನ್ನು ಕೇಳಿಕೊಂಡ. ಬಂದ ಕಾಗದಗಳನ್ನು ಸೇರಿಸಿ 1704ರಲ್ಲಿ 'ದಿ ಸ್ಟಾರ್ಮ್' ಎಂಬ ಪುಸ್ತಕ ಹೊರತಂದ. ದೇಶದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದೆಂದು ಎಲ್ಲರೂ ನಂಬಿದ್ದರು. ಆನ್ ರಾಣಿ 1704ರ ಜನವರಿ 19ರಂದು ಇಡೀ ದೇಶ ಉಪವಾಸವಿರಬೇಕೆಂದು ಸಾರಿದಳು. ಡೀಫೋನೂ ಹಾಗೆಯೇ ನಂಬಿದವನು.

ಆ ರಾತ್ರಿ ವೆಲ್ಸ್ ಊರಿನ ಅರಮನೆಯಲ್ಲಿ ಅಲ್ಲಿನ ಬಿಷಪ್ ರಿಚರ್ಡ್ ಕಿಡ್ಡರ್ ತನ್ನ ಹೆಂಡತಿಯೊಡನೆ ಮಲಗಿದ್ದಾಗ ಹೊಗೆಗೂಡು ಕುಸಿದು ಇಬ್ಬರೂ ಸತ್ತರು. ಅದೇ ಪೀಠದಲ್ಲಿ ಅವನಿಗಿಂತ ಮುಂಚೆ ಇದ್ದವನು ಥಾಮಸ್ ಕೆನ್. ಹೊಸ ದೊರೆಗೆ ಪ್ರಮಾಣ ಮಾಡಲು ಒಪ್ಪದೆ ಪೀಠ ಕಳೆದುಕೊಂಡವನು. ಅವನು ಆ ರಾತ್ರಿ ಬೇರೊಂದು ಊರಿನಲ್ಲಿ ಸೋದರಳಿಯನ ಮನೆಯಲ್ಲಿದ್ದ. ಅವನ ತಲೆಯ ಮೇಲಿನ ತೊಲೆಯೂ ಅಲುಗಿ, ಅರ್ಧ ಅಂಗುಲದಷ್ಟು ಹಿಡಿತದಲ್ಲಿ ನಿಂತಿತು. ಅವನು ಬದುಕಿದ, ದೇವರನ್ನು ಸ್ತುತಿಸಿ ಕಾಗದ ಬರೆದ. ಒಂದೇ ಪೀಠದ ಇಬ್ಬರು ಗುರುಗಳು, ಒಂದೇ ಗಾಳಿ, ಒಂದೇ ರಾತ್ರಿ. ಪೀಠ ಬಿಟ್ಟವನು ಉಳಿದ, ಪೀಠದ ಮೇಲಿದ್ದವನು ಅಳಿದ ಎಂದು ಇದಕ್ಕೆ ಅರ್ಥ ಹಚ್ಚುವುದಕ್ಕೆ ಎಷ್ಟು ಹೊತ್ತು ಬೇಕು? ಆ ಅರ್ಥಕ್ಕೆಲ್ಲ ಆಧಾರವಾಗಿ ನಿಂತಿರುವುದು ಅರ್ಧ ಅಂಗುಲ ಮರ. ಆ ತೊಲೆಯನ್ನು ಕೂರಿಸಿದ ಬಡಗಿ ಯಾರೋ.

ಡೀಫೋನ ಪುಸ್ತಕದಲ್ಲಿ ದೇವರ ಕೈಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುವುದು ಮನುಷ್ಯರ ಕೈ. ಗಾಳಿ ನಿಂತ ಮೇಲೆ, ಸಾವಿರಕ್ಕೆ 21 ಷಿಲಿಂಗ್ ಇದ್ದ ಹೆಂಚಿನ ಬೆಲೆ 6 ಪೌಂಡಿಗೆ, ಎಂದರೆ 120 ಷಿಲಿಂಗಿಗೆ ಏರಿತು. ಕೊಳ್ಳಲಾರದವರು ಮನೆಗೆ ಹಲಗೆ ಹೊದಿಸಿಕೊಂಡು ಚಳಿಗಾಲ ಕಳೆದರು. ಕೆಂಟ್ ತೀರದ ಗುಡ್ವಿನ್ ಮರಳುದಿಣ್ಣೆಗಳ ಮೇಲೆ ಹಡಗೊಡೆದ ನಾವಿಕರು ನಿಂತು ಕೈಬೀಸುತ್ತಿದ್ದರು. ಸಮುದ್ರದ ಭರತ ಏರಿದರೆ ಆ ದಿಣ್ಣೆಗಳು ಮುಳುಗುತ್ತವೆ. ದಡದ ಡೀಲ್ ಎಂಬ ಊರಿನ ದೋಣಿಗಳು ಆ ಜನರನ್ನು ಬಿಟ್ಟು ತೇಲುತ್ತಿದ್ದ ಸಾಮಾನುಗಳನ್ನು ಬಾಚಿಕೊಂಡವು ಎಂದು ಡೀಫೋ ಬರೆದ. ಊರಿನವರು ಆ ಆರೋಪವನ್ನು ಒಪ್ಪಲಿಲ್ಲ. ಊರಿನ ಮೇಯರ್ ಸೈಮನ್ ಪ್ರಿಚರ್ಡ್, ಒಬ್ಬೊಬ್ಬನನ್ನು ಉಳಿಸಿ ತಂದರೆ ಐದು ಷಿಲಿಂಗ್ ಎಂದು ಹೇಳಿ, ಸುಂಕದ ಕಟ್ಟೆಯವರು ದೋಣಿ ಕೊಡದಿದ್ದಾಗ ಬಲವಂತದಿಂದ ತೆಗೆದುಕೊಂಡು ಹೋಗಿ ಸುಮಾರು 200 ಜನರನ್ನು ದಡಕ್ಕೆ ತಂದನಂತೆ. ಆ ಇನ್ನೂರು ಜನ ತಾವು ಉಳಿದದ್ದಕ್ಕೆ ಯಾರಿಗೆ ಕೈಮುಗಿದಿರಬಹುದು? ದೇವರಿಗೆ ಮುಗಿದಿದ್ದರೂ, ಆ ಮುಗಿದ ಕೈ ಮೇಯರನ ಕಡೆಗೂ ಸ್ವಲ್ಪ ತಿರುಗಿರಬೇಕು.

ಈ ಮಾತಿಗೆ ನಮ್ಮ ದೇಶದಲ್ಲೇ, ನಮ್ಮ ಕಾಲದಲ್ಲೇ ಆಧಾರವಿದೆ. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಬಳಿ ದಡ ಮುಟ್ಟಿದ ಚಂಡಮಾರುತದ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಸತ್ತವರು ಸುಮಾರು 10,000. ಹೆಚ್ಚಿನವರನ್ನು ಕೊಂದದ್ದು ಗಾಳಿ ದಬ್ಬಿಕೊಂಡು ಬಂದ ಸಮುದ್ರ. ಎರಸಮದ ಸುತ್ತಿನ ಹಳ್ಳಿಗಳ ಹಣೆಬರಹ ಎಂದು ಆಗ ಎಷ್ಟು ಜನ ಹೇಳಿರಲಾರರು! ಹದಿನಾಲ್ಕು ವರ್ಷ ಕಳೆದು, 2013ರ ಅಕ್ಟೋಬರ್ 12ರಂದು, ಅದೇ ರಾಜ್ಯದ ಗೋಪಾಲಪುರದ ಬಳಿ ಫೈಲಿನ್ ಬಂತು. ಅದು 1999ರಷ್ಟು ಬಲವಾದುದಲ್ಲ. ಆದರೂ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ಗಾಳಿ. ಮನೆಗಳು ಲಕ್ಷಗಟ್ಟಲೆ ಬಿದ್ದವು. ಸತ್ತವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಬಸ್ಸಿಗೆ ಹತ್ತಿಸಿ, ನಡೆಸಿ, ಕೆಲವರನ್ನು ಹೊತ್ತು, ಎತ್ತರದ ಕಂಬಗಳ ಮೇಲೆ ಕಟ್ಟಿದ ಆಸರೆಮನೆಗಳಿಗೂ ಶಾಲೆಗಳಿಗೂ ಸೇರಿಸಿದ್ದರು. ಹಣೆಬರಹ ಹದಿನಾಲ್ಕು ವರ್ಷದಲ್ಲಿ ಬದಲಾಯಿತೆ? ಒಡಿಶಾದ ಬೆಸ್ತರ ಪುಣ್ಯ ಅಷ್ಟರಲ್ಲಿ ಹೆಚ್ಚಿತೆ? ಉಪಗ್ರಹದ ಚಿತ್ರ, ಧ್ವನಿವರ್ಧಕ ಕಟ್ಟಿದ ಜೀಪು, ಆಸರೆಮನೆಯ ಬೀಗದ ಕೈ ಯಾರ ಹತ್ತಿರವಿದೆಯೆಂದು ಮುಂಚೆಯೇ ತಿಳಿದಿದ್ದ ಹಳ್ಳಿಯ ಹುಡುಗರು, ಇವರೆಲ್ಲ ಸೇರಿ ದೈವ ಎಂದು ಕರೆಯುತ್ತಿದ್ದ ಒಂದು ದೊಡ್ಡ ಭಾಗವನ್ನು ದೈವದಿಂದ ಬಿಡಿಸಿಕೊಂಡರು. ದೈವಕ್ಕೆ ಇದರಿಂದ ಅಪಮಾನವಾಯಿತೆಂದು ನನಗೆ ತೋರುವುದಿಲ್ಲ.

ಹಾಗಾದರೆ ಎಲ್ಲವೂ ಮನುಷ್ಯಪ್ರಯತ್ನವೇ, ಅದೃಷ್ಟವೆಂಬುದು ಇಲ್ಲವೇ ಇಲ್ಲವೆ? ಉಂಟು. ಬಾಳೆ ಬೆಳೆಯುವವರನ್ನು ಕೇಳಬೇಕು. ಗೊನೆ ತುಂಬಿ, ಇನ್ನು ಹದಿನೈದು ದಿನಕ್ಕೆ ಕಡಿಯಬೇಕೆಂಬಾಗ ಮೇ ತಿಂಗಳ ಗಾಳಿ ಬರುತ್ತದೆ. ಗೊನೆ ಭಾರವಾದಷ್ಟೂ ಗಿಡ ಬೇಗ ಬೀಳುತ್ತದೆ. ಚೆನ್ನಾಗಿ ಗೊಬ್ಬರ ಹಾಕಿ, ನೀರು ಹಾಯಿಸಿ, ಸಾಲ ಮಾಡಿ ಬೆಳೆದವನ ತೋಟ ಮಲಗುತ್ತದೆ. ಪಕ್ಕದ ಸೋಮಾರಿಯ ತೋಟ, ಗೊನೆಯೇ ಸರಿಯಾಗಿ ಬಿಟ್ಟಿಲ್ಲವಾಗಿ, ನಿಂತಿರುತ್ತದೆ. ಪುಣ್ಯದ ಲೆಕ್ಕಕ್ಕಾಗಲಿ ಶ್ರಮದ ಲೆಕ್ಕಕ್ಕಾಗಲಿ ಇದು ಹೊಂದುವುದಿಲ್ಲ. ಇಂಥ ಕಡೆ 'ಆಕಸ್ಮಿಕ' ಎಂಬ ಪದವೇ ಸತ್ಯವಂತವಾದ ಪದ. ಅದರಿಂದ ಯಾರಿಗೂ ಸಮಾಧಾನವಿಲ್ಲ. ಹಾಗೆಯೇ ಅದರಿಂದ ಯಾರಿಗೂ ಅವಮಾನವೂ ಇಲ್ಲ.

ಕಷ್ಟವೇನೆಂದರೆ, ಈ ಸತ್ಯವಂತ ಪದವನ್ನು ಕದ್ದು ಬಳಸುವವರು ಬಹಳ. ಕಾನೂನಿನಲ್ಲಿ 'ಆಕ್ಟ್ ಆಫ್ ಗಾಡ್' ಎಂಬ ಒಂದು ಮಾತಿದೆ. ದೈವಕೃತ ಎಂದು ಅದನ್ನು ಕನ್ನಡಿಸಬಹುದು. ಯಾರೂ ಮುಂಗಾಣಲಾರದ, ಯಾರೂ ತಡೆಯಲಾರದ ಘಟನೆಗೆ ಯಾರನ್ನೂ ಹೊಣೆ ಮಾಡಬಾರದು ಎಂಬುದು ಅದರ ತಿರುಳು, ಸರಿಯಾದ ಮಾತೇ. ಆದರೆ ನಮ್ಮ ಬೀದಿಯ ಮರವನ್ನು ನೋಡಿ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್, ಅಮೆರಿಕದ ಉಷ್ಣ ನಾಡುಗಳಿಂದ ಬಂದ ಮಳೆಮರ, ಇಂಥವನ್ನು ಲಾಲ್‌ಬಾಗಿನ ಕ್ರುಂಬಿಗಲ್ ಮೊದಲಾದವರು ಈ ಊರಿನ ರಸ್ತೆಗಳಿಗೆ ತಂದಾಗ ಅವುಗಳ ಬುಡದ ಸುತ್ತ ಮಣ್ಣಿತ್ತು. ಅವುಗಳ ಬೇರು ಆಳಕ್ಕಿಂತ ಅಗಲಕ್ಕೆ ಹರಡುವಂಥದು. ಆ ಬೇರನ್ನು ಒಮ್ಮೆ ಚರಂಡಿಗಾಗಿ, ಒಮ್ಮೆ ತಂತಿ ಹೂಳಲು, ಒಮ್ಮೆ ಕಾಲುದಾರಿಗೆ ಚಪ್ಪಡಿ ಹಾಸಲು ಕಡಿದರು. ಉಳಿದದ್ದರ ಮೇಲೆ ಸಿಮೆಂಟು ಬಿತ್ತು. ಆಮೇಲೆ ತಂತಿಗೆ ತಗುಲುತ್ತದೆಂದು ಒಂದು ಮಗ್ಗುಲಿನ ಕೊಂಬೆಗಳನ್ನು ಸವರಿದರು. ಮರದ ಭಾರವೆಲ್ಲ ಮತ್ತೊಂದು ಮಗ್ಗುಲಿಗೆ ಬಂತು. ಆ ಮಗ್ಗುಲಿನಲ್ಲಿ ಇಸ್ತ್ರಿಯ ಗಾಡಿ. ಬುಡಮೇಲಾದ ಆ ಮರದ ಬೇರನ್ನು ನಾವೆಲ್ಲ ಕಂಡೆವು: ಅಡುಗೆಮನೆಯ ದುಂಡು ಮಣೆಯ ಹಾಗೆ ಸುತ್ತಲೂ ಕತ್ತರಿಸಿದ್ದು. ಗಾಳಿ ಬರುವುದಕ್ಕೆ ಎಷ್ಟೋ ಮೊದಲೇ ಮರ ಯಾವ ಕಡೆಗೆ ಬೀಳಬೇಕೆಂಬುದು ಗೊತ್ತಾಗಿಹೋಗಿತ್ತು. ಮಾರನೆಯ ದಿನ ಬಂದ ಅಧಿಕಾರಿಗಳು ಅದನ್ನು ಪ್ರಕೃತಿವಿಕೋಪ ಎಂದು ಬರೆದುಕೊಂಡು ಹೋದರು. ಅಳತೆಯ ಪಟ್ಟಿಯನ್ನು ಅವರು ಕೊಂಬೆಗಳಿಗೆ ಹಿಡಿದರೇ ಹೊರತು ಬೇರಿಗೆ ಹಿಡಿಯಲಿಲ್ಲ.

ಇಷ್ಟನ್ನು ತಿಳಿದ ಮೇಲೆ ಉಳಿದವನು ದೇವರಿಗೆ ಕೈಮುಗಿಯಬಾರದೆಂದಲ್ಲ. ಮುಗಿಯಲಿ. ಆದರೆ ತಾನು ಉಳಿದದ್ದರಲ್ಲಿ ಎಷ್ಟು ಪಾಲು ಆಕಸ್ಮಿಕ, ಎಷ್ಟು ಪಾಲು ತನ್ನ ತಲೆಯ ಮೇಲಿನ ಕಾಂಕ್ರೀಟು ತಾರಸಿ ಎಂಬುದನ್ನು ಒಮ್ಮೆ ಲೆಕ್ಕ ಹಾಕಲಿ. ತಾರಸಿಯ ಪಾಲನ್ನು ದೇವರ ಖಾತೆಗೆ ಬರೆಯುವುದು ದೇವರಿಗೂ ಒಪ್ಪಿಗೆಯಾಗಲಾರದು. ಈ ಲೆಕ್ಕದಿಂದ ಮನಸ್ಸಿಗೆ ಸಂತೋಷವೇನೂ ಆಗುವುದಿಲ್ಲ; ಒಂದು ಬಗೆಯ ಮುಜುಗರವಾಗುತ್ತದೆ. ಅದು ಅಪರಾಧಿಯ ಭಾವವಲ್ಲ, ಏಕೆಂದರೆ ತಾರಸಿ ಕಟ್ಟಿಸಿದ್ದು ತಪ್ಪಲ್ಲ. ಹೊಟೇಲಿನಲ್ಲಿ ನಮ್ಮ ಬಿಲ್ಲನ್ನು ಯಾರೋ ಕೊಟ್ಟು ಹೋಗಿದ್ದಾರೆ, ಯಾರೆಂದು ಮಾಣಿ ಹೇಳುತ್ತಿಲ್ಲ ಎಂಬಾಗ ಆಗುವಂಥ ಮುಜುಗರ.

ನಮ್ಮ ಬೀದಿಯಲ್ಲಿ ಆ ವಾರ ದುಡ್ಡು ಕೂಡಿಸಿದೆವು. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ವಿದ್ಯುತ್ತು ಇನ್ನೂ ಬಂದಿರಲಿಲ್ಲವಾದ್ದರಿಂದ ಸಂಜೆ ಎಲ್ಲರೂ ಗೇಟಿನ ಹತ್ತಿರವೇ ಇದ್ದೆವು, ಮಾತು ಬೇಗ ಕೂಡಿತು. ಎರಡು ದಿನ ತಡವಾಗಿದ್ದರೆ ಎಷ್ಟು ಕೂಡುತ್ತಿತ್ತೋ ಹೇಳಲಾರೆ. ಒಬ್ಬರು ಹಣದ ಕವರನ್ನು ಇಸ್ತ್ರಿಯವನ ಕೈಗೆ ಕೊಟ್ಟು, "ಇದನ್ನು ವಾಪಸು ಕೊಡೋದೇನೂ ಬೇಡಪ್ಪ, ಧರ್ಮ ಅಂತ ಇಟ್ಟುಕೋ" ಎಂದರು. ಅವನು ಕವರು ತೆಗೆದುಕೊಂಡ. ತನ್ನ ಹಳೆಯ ನೋಟುಪುಸ್ತಕ ಮಳೆಯಲ್ಲಿ ತೊಯ್ದಿದ್ದರಿಂದ ಹೊಸದೊಂದನ್ನು ಕೊಂಡು, ಪ್ರತಿ ಮನೆಯ ಹೆಸರಿನ ಮುಂದೆ ಅವರು ಕೊಟ್ಟ ಮೊತ್ತವನ್ನು ಮುಂಗಡ ಎಂದು ಬರೆದ. ತಿಂಗಳಾನುಗಟ್ಟಲೆ ಬಟ್ಟೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂದೊಂದು ಷರ್ಟನ್ನೂ ಆ ಮೊತ್ತದಲ್ಲಿ ಕಳೆಯುತ್ತಾ ಬಂದ. ಧರ್ಮ ಕೊಟ್ಟವರಿಗೆ ಇದರಿಂದ ಸ್ವಲ್ಪ ಬೇಸರವಾದಂತಿತ್ತು.

ಗಾಡಿ ಈಗ ನಾಲ್ಕು ಮನೆ ಆಚೆ, ಒಂದು ಮಳೆಮರದ ಕೆಳಗಿದೆ. ಮತ್ತೆ ಮರದ ಕೆಳಗೇಕೆ ಎಂದು ಕೇಳಿದ್ದಕ್ಕೆ, ಬೆಳಗ್ಗೆಯಿಂದ ಸಂಜೆಯವರೆಗೆ ಇದ್ದಿಲಿನ ಮುಂದೆ ನಿಲ್ಲುವವನಿಗೆ ಬೇರೆ ಎಲ್ಲಿ ಜಾಗವುಂಟು ಸ್ವಾಮಿ ಎಂದ. ಗುಲ್‌ಮೊಹರ್ ಇದ್ದ ಜಾಗದಲ್ಲಿ ಒಂದು ಸಸಿ ನೆಟ್ಟಿದ್ದಾರೆ. ಕಾಲುದಾರಿಯ ಸಿಮೆಂಟಿನಲ್ಲಿ ಅದಕ್ಕೆಂದು ಬಿಟ್ಟಿರುವ ಮಣ್ಣು ಒಂದು ಬಾಣಲೆಯ ಬಾಯಿಯಷ್ಟು ಅಗಲವಿದೆ.